ಮಗುವನ್ನೇ ಪಠ್ಯವಾಗಿಸಿದ ಶಿಕ್ಷಕರ ಗುರು ಗಿಜುಭಾಯಿ

ಪ್ರಾಥಮಿಕ ಶಿಕ್ಷಣದ ಸುಧಾರಣೆಯ ಮಾತು ಬಂದಾಗಲೆಲ್ಲ ಕಟ್ಟಡ, ಪಠ್ಯಪುಸ್ತಕ, ಪರೀಕ್ಷೆಗಳ ಚರ್ಚೆ ಮುನ್ನೆಲೆಗೆ ಬರುತ್ತದೆ. ತರಗತಿಗೆ ಕಾಲಿಡುವ ಮುನ್ನ ಶಿಕ್ಷಕ ಹೇಗೆ ಸಿದ್ಧನಾಗಬೇಕು ಎಂಬ ಪ್ರಶ್ನೆ ಹಿಂದುಳಿಯುತ್ತದೆ. ಆ ಪ್ರಶ್ನೆಗೆ ತಮ್ಮ ಬದುಕನ್ನೇ ಮುಡಿಪಾಗಿಟ್ಟವರು ಗುಜರಾತಿನ ಗಿಜುಭಾಯಿ ಬಧೇಕಾ. ವಿಶೇಷವೆಂದರೆ, ಅವರು ಮೂಲತಃ ಶಿಕ್ಷಕರಲ್ಲ, ವಕೀಲರು.

ಗಿರಿಜಾಶಂಕರ ಭಗವಾನ್‌ಜಿ ಬಧೇಕಾ ಜನಿಸಿದ್ದು 1885ರ ನವೆಂಬರ್ 15ರಂದು, ಸೌರಾಷ್ಟ್ರದ ಚಿತ್ತಲ್ ಗ್ರಾಮದಲ್ಲಿ. 1907ರಲ್ಲಿ ಜೀವನೋಪಾಯ ಅರಸಿ ಪೂರ್ವ ಆಫ್ರಿಕಾಕ್ಕೆ ತೆರಳಿದ ಅವರು ಎರಡು ವರ್ಷಗಳ ನಂತರ ಮರಳಿದರು. ಮುಂಬಯಿಯಲ್ಲಿ ಕಾನೂನು ಓದಿ, ವಢವಾಣದಲ್ಲಿ ವಕೀಲಿ ವೃತ್ತಿ ಆರಂಭಿಸಿದರು.

1913ರಲ್ಲಿ ಮಗ ಹುಟ್ಟಿದ್ದು ಅವರ ಬದುಕಿನ ದಿಕ್ಕನ್ನೇ ಬದಲಿಸಿತು. ಮಗನಿಗೆ ಎಂಥ ಶಾಲೆ ಬೇಕು ಎಂಬ ಚಿಂತೆ ಅವರನ್ನು ಇಟಲಿಯ ಮರಿಯಾ ಮಾಂಟೆಸ್ಸೊರಿ ಅವರ ವಿಚಾರಗಳತ್ತ ಕರೆದೊಯ್ದಿತು. 1916ರಲ್ಲಿ ನ್ಯಾಯಾಲಯದ ಹಾದಿ ತೊರೆದು, ನಾನಾಭಾಯಿ ಭಟ್ಟರು ಭಾವನಗರದಲ್ಲಿ ಕಟ್ಟಿದ್ದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿಯೇ ಪುಟ್ಟ ಮಕ್ಕಳಿಗಾಗಿ ಬಾಲಮಂದಿರ ಆರಂಭವಾಯಿತು.

ಬೆತ್ತ, ಬೈಗುಳ, ಬಹುಮಾನ ಯಾವುದಕ್ಕೂ ಅಲ್ಲಿ ಸ್ಥಾನವಿರಲಿಲ್ಲ. ಮಾಂಟೆಸ್ಸೊರಿ ಪದ್ಧತಿಯನ್ನು ಗಿಜುಭಾಯಿ ಯಥಾವತ್ತಾಗಿ ಅನುಕರಿಸಲೂ ಇಲ್ಲ. ಆ ಪದ್ಧತಿ ಕಲ್ಪನೆಯ ಕಥೆಗಳಿಗೆ ಅಷ್ಟಾಗಿ ಮನ್ನಣೆ ನೀಡಿರಲಿಲ್ಲ. ಇವರು ಜನಪದ ಕಥೆ, ಹಾಡು, ನಾಟಕಗಳನ್ನು ಕಲಿಕೆಯ ಜೀವಾಳವಾಗಿಸಿದರು. ದಟ್ಟ ಮೀಸೆಯ ಈ ಶಿಕ್ಷಕನನ್ನು ಗುಜರಾತಿನ ಜನ ಮೀಸೆಯುಳ್ಳ ತಾಯಿ ಎಂದೇ ಪ್ರೀತಿಯಿಂದ ಕರೆದರು.

ಆದರೆ ಒಂದು ಬಾಲಮಂದಿರದಿಂದ ನಾಡಿನ ಶಾಲೆಗಳು ಬದಲಾಗವು ಎಂಬ ಅರಿವು ಅವರಿಗಿತ್ತು. ಇದರ ಫಲವಾಗಿ 1925ರಲ್ಲಿ ಶಿಕ್ಷಕರ ತರಬೇತಿಗಾಗಿ ಅಧ್ಯಾಪನ ಮಂದಿರ ಹುಟ್ಟಿಕೊಂಡಿತು. ಅಲ್ಲಿ ಬೋಧನಾ ಸಿದ್ಧಾಂತ ಉಪನ್ಯಾಸಕ್ಕೆ ಸೀಮಿತವಾಗಿರಲಿಲ್ಲ. ಪಕ್ಕದ ಬಾಲಮಂದಿರವೇ ಪ್ರಯೋಗಶಾಲೆ. ಕಲಿಸುವುದಕ್ಕಿಂತ ಮೊದಲು ಮಗುವನ್ನು ಗಮನಿಸುವುದನ್ನು ಶಿಕ್ಷಕ ಕಲಿಯಬೇಕಿತ್ತು. ರಾಜಕೋಟೆಯ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲ ಹುದ್ದೆಯನ್ನು ಬಿಟ್ಟು ಬಂದ ತಾರಾಬಾಯಿ ಮೋಡಕ್ ಈ ಕಾರ್ಯದಲ್ಲಿ ಹೆಗಲಿಗೆ ಹೆಗಲು ಕೊಟ್ಟರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು.

ಗಿಜುಭಾಯಿ ಅವರ ಹೆಸರನ್ನು ಗುಜರಾತಿನ ಗಡಿಯಾಚೆಗೂ ಕೊಂಡೊಯ್ದ ಕೃತಿ ದಿವಾಸ್ವಪ್ನ. ಸಾಮಾನ್ಯ ಶಾಲೆಯೊಂದರ ನಾಲ್ಕನೇ ತರಗತಿಯಲ್ಲಿ ಒಂದು ವರ್ಷ ಪ್ರಯೋಗ ನಡೆಸಲು ಅನುಮತಿ ಪಡೆಯುವ ಶಿಕ್ಷಕನ ಕಾಲ್ಪನಿಕ ಕಥನವದು. ಮೊದಲ ದಿನವೇ ಅವನ ಯೋಜನೆ ನೆಲಕಚ್ಚುತ್ತದೆ. ಮೌನದ ಆಟವಾಡಿಸಲು ಹೊರಟರೆ ಮಕ್ಕಳು ಗದ್ದಲವೆಬ್ಬಿಸುತ್ತಾರೆ. ಮರುದಿನ ಕಥೆ ಹೇಳತೊಡಗಿದಾಗ ಅದೇ ಮಕ್ಕಳು ಸ್ತಬ್ಧರಾಗಿ ಕೂರುತ್ತಾರೆ. ಪುಸ್ತಕದಲ್ಲಿ ಓದಿದ ವಿಧಾನವನ್ನು ಕೈಬಿಟ್ಟು, ಎದುರಿಗಿರುವ ಮಗುವಿನಿಂದ ಪಾಠ ಕಲಿಯಬಲ್ಲವನೇ ಶಿಕ್ಷಕ ಎಂಬುದು ಈ ಸೋಲು ಗೆಲುವಿನ ತಿರುಳು.

1936ರಲ್ಲಿ ದಕ್ಷಿಣಾಮೂರ್ತಿಯಿಂದ ಹೊರಬಂದ ಗಿಜುಭಾಯಿ ವಿಶ್ರಾಂತಿ ಬಯಸಲಿಲ್ಲ. ರಾಜಕೋಟೆಯಲ್ಲಿ ಮತ್ತೊಂದು ಅಧ್ಯಾಪನ ಮಂದಿರಕ್ಕೆ ಅಡಿಪಾಯ ಹಾಕಿದರು. ಆದರೆ ದೇಹ ಸಹಕರಿಸಲಿಲ್ಲ. 1939ರ ಜೂನ್ 23ರಂದು, 53ನೇ ವಯಸ್ಸಿನಲ್ಲಿ ಅವರು ಕೊನೆಯುಸಿರೆಳೆದರು. ವಿಪರ್ಯಾಸವೆಂದರೆ, ಅದೇ ವರ್ಷದ ಕೊನೆಯಲ್ಲಿ ಮಾಂಟೆಸ್ಸೊರಿ ಭಾರತಕ್ಕೆ ಬಂದು ಮದರಾಸಿನ ಅಡ್ಯಾರ್‌ನಲ್ಲಿ ಶಿಕ್ಷಕರಿಗೆ ತರಬೇತಿ ಆರಂಭಿಸಿದರು. ಅದನ್ನು ಕಾಣಲು ಗಿಜುಭಾಯಿ ಇರಲಿಲ್ಲ.

ಅವರು ಹಚ್ಚಿದ ದೀಪ ಮಾತ್ರ ಆರಲಿಲ್ಲ. ತಾರಾಬಾಯಿ 1945ರಲ್ಲಿ ಬೋರ್ಡಿಯಲ್ಲಿ ಗ್ರಾಮೀಣ ಮಕ್ಕಳಿಗಾಗಿ ಕೇಂದ್ರ ತೆರೆದರು. ಇಂದು ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಪರಿಚಿತವಾಗಿರುವ ಅಂಗನವಾಡಿಯ ಪರಿಕಲ್ಪನೆಗೆ ಆ ಪ್ರಯೋಗವೇ ದಾರಿ ತೋರಿತು. ಬಾಲಮಂದಿರ 1920ರಲ್ಲೇ ತ್ಯಜಿಸಿದ್ದ ದೈಹಿಕ ಶಿಕ್ಷೆಯನ್ನು ದೇಶದ ಕಾನೂನು ಶಾಲೆಗಳಲ್ಲಿ ನಿಷೇಧಿಸಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಮೂಲಕ. ಆದರೆ ಕಾಯ್ದೆ ಬೆತ್ತವನ್ನು ಕಸಿದುಕೊಳ್ಳಬಲ್ಲದೇ ಹೊರತು, ಬೆತ್ತವಿಲ್ಲದೆ ತರಗತಿ ನಡೆಸುವ ಕಲೆಯನ್ನು ಕೈಗಿಡಲಾರದು. ಅದು ತರಬೇತಿಯ ಹೊಣೆ. ಭಾವಿ ಶಿಕ್ಷಕರನ್ನು ರೂಪಿಸುವವರೆಲ್ಲರ ಮುಂದೆ ಗಿಜುಭಾಯಿ ಬಿಟ್ಟುಹೋದ ಕೆಲಸವೂ ಅದೇ ಆಗಿದೆ.