ಹಾಡು, ಕಥೆಗಳಲ್ಲಿ ಕನ್ನಡ ಕಲಿಸಿದ ಪಂಜೆ ಮೇಷ್ಟ್ರು

ಧಾರಾಪುರಂ: ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಗಡಿ ಭಾಗದ ಮಕ್ಕಳಿಗೆ ಇದೇನೂ ಹೊಸದಲ್ಲ. ಅಮರಾವತಿ ನದಿಯ ದಡದ ಧಾರಾಪುರಂ ಇರುವ ಈ ಕೊಯಮತ್ತೂರು-ತಿರುಪ್ಪೂರು ಸೀಮೆಯಲ್ಲಿ ದೇವಾಂಗ ನೇಕಾರರೂ ಸೇರಿದಂತೆ ಹಲವು ಮನೆತನಗಳ ಮನೆಮಾತು ಇಂದಿಗೂ ಕನ್ನಡ. ಆದರೆ ಮಕ್ಕಳು ತಿದ್ದುವುದು ತಮಿಳು ಅಕ್ಷರ. ಮಾತನಾಡಲು ಬರುತ್ತದೆ, ಬರೆಯಲು ಕೈ ಓಡುವುದಿಲ್ಲ.

ಇಂಥ ಮಕ್ಕಳಿಗೆ ಕನ್ನಡದ ಪದ ಮತ್ತು ಕಾಗುಣಿತ ಕಲಿಸುವುದು ಹೇಗೆ? ನೂರು ವರ್ಷಗಳ ಹಿಂದೆ ಈ ಪ್ರಶ್ನೆಯನ್ನು ತರಗತಿಯಲ್ಲೇ ಎದುರಿಸಿದವರು ಪಂಜೆ ಮಂಗೇಶರಾಯರು. ಕನ್ನಡ ಶಿಶು ಸಾಹಿತ್ಯದ ಹರಿಕಾರ ಎಂದು ನಾಡು ಅವರನ್ನು ಗೌರವಿಸುತ್ತದೆ. ಅವರು ಹೊಟ್ಟೆಪಾಡಿಗೆ ಮಾಡಿದ್ದು ಮೇಷ್ಟ್ರ ಕೆಲಸ. ಅವರ ಹಾಡು, ಕಥೆಗಳೆಲ್ಲ ಆ ಕೆಲಸದಿಂದಲೇ ಹುಟ್ಟಿದವು ಎಂಬುದನ್ನು ಮಾತ್ರ ನಾವು ಅಷ್ಟಾಗಿ ನೆನೆಯುವುದಿಲ್ಲ.

ಕೊಂಕಣಿ ಮನೆ, ತುಳು ಊರು

ಮಂಗೇಶರಾಯರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ಬಂಟ್ವಾಳದಲ್ಲಿ. ಮನೆಮಾತು ಕೊಂಕಣಿ. ಹೊರಗೆ ಕಾಲಿಟ್ಟರೆ ಊರೆಲ್ಲ ತುಳು. ಕನ್ನಡ ಅವರಿಗೆ ಶಾಲೆಯಲ್ಲಿ, ಪುಸ್ತಕದಲ್ಲಿ, ಯಕ್ಷಗಾನದ ಬಯಲಲ್ಲಿ ಸಿಕ್ಕ ಭಾಷೆ. ಮುಂದೆ ಕನ್ನಡದ ಲಕ್ಷಾಂತರ ಮಕ್ಕಳ ಬಾಯಲ್ಲಿ ಹಾಡಾದ ಈ ಕವಿಯ ತಾಯಿನುಡಿ ಕನ್ನಡವಾಗಿರಲಿಲ್ಲ.

ಬಡತನದ ಬಾಲ್ಯ. ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಸಂಸಾರದ ಭಾರ ಹೆಗಲಿಗೆ ಬಿತ್ತು. ಮಕ್ಕಳಿಗೆ ಮನೆಪಾಠ ಹೇಳಿ ಓದು ಮುಂದುವರಿಸಿದರು. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿ ಸೇರಿದರು. ಕೆಲಸದಲ್ಲಿದ್ದುಕೊಂಡೇ ಬಿ.ಎ. ಮುಗಿಸಿ, ಎಲ್.ಟಿ. ಶಿಕ್ಷಕ ತರಬೇತಿಯನ್ನೂ ಪಡೆದರು. ಬಳಿಕ ಶಾಲಾ ಇನ್‌ಸ್ಪೆಕ್ಟರ್ ಹುದ್ದೆ, ಮಂಗಳೂರಿನ ಶಿಕ್ಷಕರ ತರಬೇತಿ ಶಾಲೆಯಲ್ಲಿ ಸೇವೆ, ಕೊಡಗಿನಲ್ಲಿ ಹೈಸ್ಕೂಲ್ ಮುಖ್ಯೋಪಾಧ್ಯಾಯ ಪದವಿ. ಹೀಗೆ ಅವರ ಬದುಕು ಶಾಲೆಯಿಂದ ಶಾಲೆಗೆ ಸಾಗಿತು.

ಆಗಿನ ಭೂಪಟವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಮಂಗಳೂರು, ಕಾಸರಗೋಡು, ಬಳ್ಳಾರಿ, ಕೊಳ್ಳೇಗಾಲ, ಧಾರಾಪುರಂ ಎಲ್ಲವೂ ಮದರಾಸು ಪ್ರಾಂತ್ಯಕ್ಕೆ ಸೇರಿದ್ದವು. ಕೊಳ್ಳೇಗಾಲವಂತೂ 1956ರ ತನಕ ಕೊಯಮತ್ತೂರು ಜಿಲ್ಲೆಯ ತಾಲೂಕಾಗಿತ್ತು. ದೂರದ ಮದರಾಸಿನಿಂದ ಆಡಳಿತ ನಡೆಯುತ್ತಿದ್ದ ಈ ಸೀಮೆಗಳಲ್ಲಿ ಕನ್ನಡ ಉಳಿಯಬೇಕಾದರೆ ಶಾಲೆಯ ಪುಸ್ತಕ ಚೆನ್ನಾಗಿರಬೇಕಿತ್ತು.

ಬೆತ್ತದ ಬದಲು ಕಥೆ

ಆ ಕಾಲದ ಪಾಠವೆಂದರೆ ಬಾಯಿಪಾಠ. ಕಾಗುಣಿತ ಒಪ್ಪಿಸಬೇಕು, ಶಬ್ದಾರ್ಥ ಉರುಹೊಡೆಯಬೇಕು, ತಪ್ಪಿದರೆ ಬೆತ್ತ. ಪದ ಬಾಯಿಗೆ ಬರುತ್ತದೆ, ಪದದ ಅರ್ಥ ಮಾತ್ರ ಗೊತ್ತಿಲ್ಲ ಎಂಬ ಸ್ಥಿತಿ. ಇನ್‌ಸ್ಪೆಕ್ಟರ್ ಬರುತ್ತಾರೆಂದರೆ ಮಕ್ಕಳ ಜತೆ ಮೇಷ್ಟ್ರಿಗೂ ನಡುಕ. ಪಂಜೆಯವರು ಇನ್‌ಸ್ಪೆಕ್ಟರ್ ಆಗಿ ಹಳ್ಳಿ ಶಾಲೆಗೆ ಹೋದಾಗ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು, ಹಾಡುತ್ತಿದ್ದರು ಎಂಬ ಮಾತು ಕರಾವಳಿಯಲ್ಲಿ ಇಂದಿಗೂ ಉಳಿದಿದೆ.

ಅವರ ಕಥೆಗಳನ್ನು ಮೇಷ್ಟ್ರ ಕಣ್ಣಿನಿಂದ ಓದಿದರೆ ಒಳಗಿನ ಜಾಣ್ಮೆ ತಿಳಿಯುತ್ತದೆ. 'ಸಿಗಡಿ ಯಾಕೆ ಒಣಗಲಿಲ್ಲ' ಎಂಬ ಕಥೆಯ ಹೆಸರೇ ಒಂದು ಪ್ರಶ್ನೆ. ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುತ್ತದೆ. ವಾಕ್ಯದ ಅಚ್ಚು ಅದೇ, ಸೇರುವ ಪದ ಮಾತ್ರ ಹೊಸದು. 'ಮೂರು ಕರಡಿಗಳು' ಕಥೆಯಲ್ಲೂ ಹೇಳಿದ್ದೇ ಮತ್ತೆ ಬರುತ್ತದೆ. ಕೇಳುವ ಮಗುವಿಗೆ ಬೇಸರವಿಲ್ಲ. ಮುಂದಿನ ಮಾತನ್ನು ತಾನೇ ಮೊದಲು ಹೇಳಿಬಿಡುವ ಆತುರ. ಅಷ್ಟರಲ್ಲಿ ಹತ್ತಾರು ಪದ ನಾಲಿಗೆಯ ಮೇಲೆ ಕೂತಿರುತ್ತವೆ. ಪಟ್ಟಿ ಕೊಟ್ಟು ಉರುಹೊಡೆಸಿದ ಪದ ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ. ಕಥೆಯಲ್ಲಿ ಕೇಳಿದ ಪದ ಹಾಗೆ ಹೋಗುವುದಿಲ್ಲ.

ಪದ್ಯಗಳದ್ದೂ ಇದೇ ದಾರಿ. 'ನಾಗರ ಹಾವೆ' ಪದ್ಯದಲ್ಲಿ ಮಗು ಹಾವಿನ ಜತೆ ನೇರವಾಗಿ ಮಾತಿಗಿಳಿಯುತ್ತದೆ. ಸೂರ್ಯೋದಯದ ಹಾಡಿನಲ್ಲಿ ಸಣ್ಣ ಸಣ್ಣ ಪದ, ತೀರಾ ಗಿಡ್ಡ ಸಾಲು. 'ತೆಂಕಣ ಗಾಳಿಯಾಟ'ದಲ್ಲಿ ಗಾಳಿಯ ಸದ್ದೇ ಪದಗಳಾಗಿದೆ. ತೆಂಕಣ ಎಂದರೆ ದಕ್ಷಿಣದ ಎಂದು ಮಗುವಿಗೆ ಅರ್ಥ ಬರೆಸಬೇಕಾಗಿಲ್ಲ. ಹಾಡಿದರೆ ಗಾಳಿ ಬಂದ ದಿಕ್ಕು ತಿಳಿಯುತ್ತದೆ.

1912ರಿಂದ ಮುಂದೆ ಮಂಗಳೂರಿನ ಬಾಸೆಲ್ ಮಿಶನ್ ಸಂಸ್ಥೆ ಪ್ರಕಟಿಸಿದ ಕನ್ನಡ ಪದ್ಯ ಪುಸ್ತಕಗಳ ಸಂಪಾದಕರೂ ಅವರೇ. ಬಾಲ ಸಾಹಿತ್ಯ ಮಂಡಲದ ಮೂಲಕ ಮಕ್ಕಳಿಗಾಗಿ ಸಣ್ಣ ಪುಸ್ತಕಗಳನ್ನು ಹೊರತಂದರು. ಕವಿಶಿಷ್ಯ ಎಂಬ ಹೆಸರಿನಲ್ಲಿ ಬರೆದರು. 1900ರಲ್ಲಿ 'ಸುವಾಸಿನಿ' ಪತ್ರಿಕೆಯಲ್ಲಿ ಬಂದ ಅವರ 'ನನ್ನ ಚಿಕ್ಕ ತಾಯಿ' ಕನ್ನಡದ ಮೊದಮೊದಲ ಸಣ್ಣ ಕಥೆಗಳಲ್ಲೊಂದು.

ನೆರೆಯ ಭಾಷೆ ಹಗೆಯಲ್ಲ

ಪಂಜೆಯವರು ತುಳುವನ್ನು ತರಗತಿಯ ಬಾಗಿಲಾಚೆ ನಿಲ್ಲಿಸಲಿಲ್ಲ. ತುಳು ಪಾಡ್ದನಗಳಲ್ಲಿ ಬರುವ ಅವಳಿ ವೀರರ ಕಥೆಯನ್ನು 'ಕೋಟಿ ಚೆನ್ನಯ' ಎಂಬ ಹೆಸರಿನಲ್ಲಿ ಕನ್ನಡ ಗದ್ಯಕ್ಕೆ ತಂದರು. ತುಳು ಮಕ್ಕಳಿಗೆ ಗೊತ್ತಿದ್ದ ಕಥೆ ಕನ್ನಡ ಅಕ್ಷರದಲ್ಲಿ ಸಿಕ್ಕಿತು. ಕೊಡವ ಮಾತನಾಡುವ ಕೊಡಗಿಗೆ ಹೋದಾಗ ಅಲ್ಲಿನ ಸುಗ್ಗಿ ಹಬ್ಬದ ಮೇಲೆ 'ಹುತ್ತರಿ ಹಾಡು' ಬರೆದರು. ಕೊಡಗಿನವರು ಅದನ್ನು ತಮ್ಮದೇ ಹಾಡೆಂದು ಒಪ್ಪಿಕೊಂಡರು. ಮಗುವಿಗೆ ಗೊತ್ತಿರುವ ಜಗತ್ತಿನಿಂದ ಶುರು ಮಾಡಿ, ಗೊತ್ತಿಲ್ಲದ ಭಾಷೆಗೆ ಕೈಹಿಡಿದು ನಡೆಸುವುದು ಅವರ ಪದ್ಧತಿ.

ಮಕ್ಕಳ ಹಾಡಿನ ಹಿಂದೆ ಗಟ್ಟಿ ವಿದ್ವತ್ತೂ ಇತ್ತು. ಕೇಶಿರಾಜನ 'ಶಬ್ದಮಣಿದರ್ಪಣ' 13ನೇ ಶತಮಾನದ ವ್ಯಾಕರಣ. ಕಿಟ್ಟೆಲ್ ಅವರು 1872ರಲ್ಲಿ ಪ್ರಕಟಿಸಿದ್ದ ಈ ಗ್ರಂಥವನ್ನು ಪರಿಷ್ಕರಿಸಿ 1920ರಲ್ಲಿ ಮತ್ತೆ ಹೊರತಂದವರು ಪಂಜೆಯವರು. ಸರಳವಾಗಿ ಬರೆದವರಿಗೆ ವ್ಯಾಕರಣ ಬಾರದೆಂದು ಯಾರೂ ಹೇಳುವಂತಿರಲಿಲ್ಲ.

ಅವರ ದಾರಿಯನ್ನು ನಮ್ಮ ಸೀಮೆಗೆ ತಂದರೆ ಕೆಲವು ಗಂಟು ತಾನಾಗಿ ಬಿಚ್ಚಿಕೊಳ್ಳುತ್ತವೆ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಹಾಗಾಗಿ ತಮಿಳು ಅಕ್ಷರ ಕಲಿತ ಮಗು ಕನ್ನಡ ಬರೆಯುವಾಗ ಕಾಡು, ಗಾಡಿ ಎಂಬಲ್ಲಿ ತಡವರಿಸುತ್ತದೆ. ಈ ವ್ಯತ್ಯಾಸ ಮೊದಲು ಕಿವಿಗೆ ಬೀಳಬೇಕು, ಆಮೇಲೆ ಕೈಗೆ. ಅದಕ್ಕೆ ಹಾಡಿಗಿಂತ ಒಳ್ಳೆಯ ಸಾಧನವಿಲ್ಲ.

ಇನ್ನೊಂದು ತೊಡಕು ಹಕಾರದ್ದು. ಮಾತಿನಲ್ಲಿ ಹಾಲು ಅನೇಕರಿಗೆ ಆಲು ಆಗುತ್ತದೆ, ಬರವಣಿಗೆಯಲ್ಲೂ ಹಾಗೇ ಇಳಿಯುತ್ತದೆ. ಇಲ್ಲಿ ತಮಿಳೇ ನೆರವಿಗೆ ಬರುತ್ತದೆ. ತಮಿಳಿನ ಪಾಲ್ ಕನ್ನಡದ ಹಾಲು, ಪುಲಿ ಹುಲಿ, ಪಲ್ ಹಲ್ಲು, ಪೂ ಹೂ. ಹಳಗನ್ನಡದಲ್ಲೂ ಇವು ಪಕಾರದಿಂದಲೇ ಶುರುವಾಗುತ್ತಿದ್ದವು. ಆಲದ ಮರ ತಮಿಳಿನಲ್ಲೂ ಆಲಮರಂ. ತಮಿಳಿನಲ್ಲಿ ಪ ಇದ್ದರೆ ಕನ್ನಡದಲ್ಲಿ ಹ ಇರಬಹುದೇ ಎಂದು ನೋಡು, ಪ ಇಲ್ಲದಿದ್ದರೆ ಹ ಸೇರಿಸಬೇಡ ಎಂದು ಹೇಳಿದರೆ ಏಳನೇ ತರಗತಿಯ ಹುಡುಗನಿಗೂ ತಿಳಿಯುತ್ತದೆ. ಎಲ್ಲ ಪದಕ್ಕೂ ಇದು ಹೊಂದದು, ಆದರೆ ದಿನಬಳಕೆಯ ಬಹಳಷ್ಟು ಪದಕ್ಕೆ ಹೊಂದುತ್ತದೆ. ಎರಡು ಭಾಷೆ ಬಲ್ಲ ಮಗುವಿಗೆ ಅದು ಹೊರೆಯಲ್ಲ, ಬಂಡವಾಳ.

ಉಳಿದಿರುವ ಪಾಠ

1934ರಲ್ಲಿ ರಾಯಚೂರಿನಲ್ಲಿ ನಡೆದ 20ನೇ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಪಂಜೆಯವರಿಗೆ ಸಂದಿತು. ಮಹಾಕಾವ್ಯ ಬರೆಯದ, ಮಕ್ಕಳಿಗೆ ಹಾಡು ಕಟ್ಟಿದ ಮೇಷ್ಟ್ರಿಗೆ ನಾಡು ಕೊಟ್ಟ ಗೌರವವದು. 1937ರ ಅಕ್ಟೋಬರ್ 25ರಂದು ಹೈದರಾಬಾದಿನಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 63 ವರ್ಷ.

ಅವರು ಓಡಾಡಿದ ದಕ್ಷಿಣ ಕನ್ನಡ ಜಿಲ್ಲೆಯಿಂದ 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. ಕೊಯಮತ್ತೂರಿನಿಂದ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಧಾರಾಪುರಂ ತಮಿಳರ ನಾಡಿನಲ್ಲೇ ಉಳಿದು 2009ರಲ್ಲಿ ಹೊಸ ತಿರುಪ್ಪೂರು ಜಿಲ್ಲೆಗೆ ಸೇರಿತು. ತಮಿಳುನಾಡಿನಲ್ಲಿ 2006ರ ಕಾಯ್ದೆ ತಮಿಳು ಕಲಿಕೆಯನ್ನು, ಕೇರಳದಲ್ಲಿ 2017ರ ಕಾಯ್ದೆ ಮಲಯಾಳಂ ಕಲಿಕೆಯನ್ನು ಕಡ್ಡಾಯ ಮಾಡಿದವು. ಇರುವ ನಾಡಿನ ಭಾಷೆ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಕನ್ನಡದ ಜಾಗ ಕಿರಿದಾದಷ್ಟೂ ಮನೆಯ ಜವಾಬ್ದಾರಿ ಹಿರಿದಾಗುತ್ತದೆ.

ಅದಕ್ಕೆ ದೊಡ್ಡ ಸಿದ್ಧತೆ ಬೇಕಿಲ್ಲ. ರಾತ್ರಿ ಊಟವಾದ ಮೇಲೆ ಅಜ್ಜಿಯೋ ಅಪ್ಪನೋ ಒಂದು ಕಥೆ ಹೇಳಲಿ. ಮಗು ಅದನ್ನು ತಿರುಗಿ ಹೇಳಲಿ. ಮರುದಿನ ಅದರಲ್ಲಿನ ಐದು ಪದಗಳನ್ನು ಕನ್ನಡದಲ್ಲಿ ಬರೆಯಲಿ. ತಪ್ಪಿದರೆ ಗದರದೆ ಇನ್ನೊಮ್ಮೆ ಪದವನ್ನು ಬಾಯಿಬಿಟ್ಟು ಹೇಳಿಸಿ. ಪಂಜೆ ಮೇಷ್ಟ್ರು ಮಾಡಿದ್ದೂ ಇಷ್ಟೇ. ಕೊಂಕಣಿ ಮನೆಯ ಹುಡುಗನೊಬ್ಬ ಕನ್ನಡದ ಮಕ್ಕಳಿಗೆಲ್ಲ ಕನ್ನಡ ಕಲಿಸಬಲ್ಲನಾದರೆ, ಕನ್ನಡ ಮನೆಯ ಮಕ್ಕಳಿಗೆ ಕನ್ನಡದ ಅಕ್ಷರ ಕೈಗೆಟುಕದ ಹಣ್ಣೇನಲ್ಲ.