ಹಿತ್ತಾಳೆಯ ಶಿಲ್ಲಿಂಗು

ಬಂಗಾಳದ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವೊಂದನ್ನು 1817ರಲ್ಲಿ ಅಚ್ಚುಮಾಡಿಸಿದ ವಿಲಿಯಂ ಕೇರಿಯವರ ಹೆಸರನ್ನು ನಮ್ಮ ವಾಚಕರು ಕೇಳಿರುವರು. ಅವರು ಬಾಲ್ಯದಲ್ಲಿ ಒಂದು ಶಿಲ್ಲಿಂಗಿಗಾಗಿ ಕದ್ದು ಸುಳ್ಳಾಡಿದ ಸಂಗತಿಯನ್ನು ಬಲ್ಲವರು ಸ್ವಲ್ಪ. ಇದನ್ನು ಅವರೇ ಮುಂದೆ ಮರೆಮಾಡದೆ ಬರೆದಿಟ್ಟರು.

ನೇಕಾರನ ಮಗನಾಗಿ 1761ರಲ್ಲಿ ಇಂಗ್ಲೆಂಡ್ ದೇಶದ ಒಂದು ಹಳ್ಳಿಯಲ್ಲಿ ಹುಟ್ಟಿದ ವಿಲಿಯಮನು ಸುಮಾರು ಹದಿನಾಲ್ಕನೆಯ ವಯಸ್ಸಿನಲ್ಲಿ ಪಿಡ್ಡಿಂಗ್ಟನ್ ಊರಿನ ಕ್ಲಾರ್ಕ್ ನಿಕಲ್ಸನ ಬಳಿ ಜೋಡು ಹೊಲಿಯುವ ಕಸಬು ಕಲಿಯಲು ಸೇರಿದನು. ಕ್ರಿಸ್ಮಸ್ ಹಬ್ಬದಲ್ಲಿ ಇಂಥ ಹುಡುಗರಿಗೆ ವ್ಯಾಪಾರಿಗಳು ಇನಾಮು ಕೊಡುವುದು ಆಗ ಆ ಸೀಮೆಯ ವಾಡಿಕೆಯಾಗಿತ್ತು. ಕಬ್ಬಿಣದ ಸಾಮಾನು ಮಾರುವವನೊಬ್ಬನು ಇವನ ಕೈಯಲ್ಲಿ ಒಂದು ಶಿಲ್ಲಿಂಗನ್ನಿಟ್ಟನು. ಯಜಮಾನನ ಕೆಲಸಕ್ಕೆಂದು ನಾರ್ಥಾಂಪ್ಟನ್ ಪೇಟೆಗೆ ಹೋದವನು ತನಗೂ ಏನೋ ಕೊಂಡು ಹಣ ಕೊಡಹೋದರೆ, ಅದು ಬೆಳ್ಳಿಯಲ್ಲ, ಹಿತ್ತಾಳೆ! ಆಗ ಯಜಮಾನನ ಹಣದಿಂದ ಒಳ್ಳೇ ಶಿಲ್ಲಿಂಗನ್ನು ತೆಗೆದುಕೊಟ್ಟು, ಖೋಟಾ ನಾಣ್ಯವು ಯಜಮಾನನದೇ ಎಂದು ಹೇಳಲು ನಿಶ್ಚಯಿಸಿದನು. ಇದೊಂದು ಸಾರಿ ದಾಟಿಸಿದರೆ ಇನ್ನು ಕೆಟ್ಟದ್ದನ್ನು ಬಿಟ್ಟುಬಿಡುವೆನೆಂದು ದಾರಿಯಲ್ಲಿ ದೇವರನ್ನು ಬೇಡಿಕೊಂಡನಂತೆ. ಎಂಥಾ ಪ್ರಾರ್ಥನೆ! ಆದರೂ ನಮ್ಮಲ್ಲಿ ಯಾರು ಇಂಥದ್ದನ್ನು ಮಾಡಿಲ್ಲ?

ದೇವರು ದಾಟಿಸಲಿಲ್ಲ. ನಿಕಲ್ಸನು ವಿಚಾರಿಸಲು ಇನ್ನೊಬ್ಬ ಹುಡುಗನನ್ನು ಕಳುಹಿಸಲಾಗಿ, ಖೋಟಾ ನಾಣ್ಯವನ್ನು ಕೊಟ್ಟವನು ತಾನೇ ಎಂದು ವ್ಯಾಪಾರಿಯು ಒಪ್ಪಿಕೊಂಡನು. ವಿಲಿಯಮನು ನಾಚಿಕೆಯಿಂದ ಬಹುಕಾಲ ಜನರ ಮುಂದೆ ಬರಲಾರದೆ ಹೋದನು, ಆರಾಧನೆಗೂ ಹೋಗಲಿಲ್ಲ. ಯಜಮಾನನಾದರೋ ಅವನನ್ನು ಕೆಲಸದಿಂದ ಓಡಿಸಲಿಲ್ಲ.

ಕೇರಿಯವರು 1793ರಲ್ಲಿ ಹಿಂದೂದೇಶಕ್ಕೆ ಬಂದು, 1800ರಲ್ಲಿ ಶ್ರೀರಾಮಪುರದಲ್ಲಿ ಮಾರ್ಷ್‌ಮನ್, ವಾರ್ಡ್ ಮೊದಲಾದವರ ಕುಟುಂಬಗಳೊಂದಿಗೆ ಒಂದೇ ಮನೆವಾರ್ತೆಯಾಗಿ ನೆಲೆಸಿದರು. ಅವರೇ ಹಿರಿಯ ಮಿಶನೆರಿ. ಆದರೂ ಮನೆಯ ಆಡಳಿತವು ತಿಂಗಳಿಗೊಬ್ಬರಂತೆ ಸರದಿಯ ಮೇಲೆ ನಡೆಯಿತು. ಶನಿವಾರದ ಸಂಜೆ ಕೂಡಿ, ಒಬ್ಬರ ಮೇಲೊಬ್ಬರಿಗಿದ್ದ ಅಸಮಾಧಾನವನ್ನು ತೀರಿಸಿಕೊಳ್ಳುತ್ತಿದ್ದರು. ಗಳಿಕೆಯೆಲ್ಲಾ ಒಂದೇ ಚೀಲಕ್ಕೆ. ಆ ಚೀಲವನ್ನು ಯಾರಿಗೆ ಒಪ್ಪಿಸಿದರು? ಒಂದು ಶಿಲ್ಲಿಂಗಿಗೆ ಎಡವಿದ ಆ ಕೈಗೇ! ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ 1801ರಿಂದ ಬೋಧಿಸಿ ಪಡೆದ ಸಂಬಳವು ಮುಂದೆ ತಿಂಗಳಿಗೆ 1000 ರೂಪಾಯಿಗೆ ಏರಿದಾಗಲೂ ಅದರಲ್ಲಿ ಬಹುಭಾಗವು ಅಲ್ಲಿಗೇ ಸಂದಿತು. ಪಿಡ್ಡಿಂಗ್ಟನ್ನಿನ ಆ ನಾಚಿಕೆಯ ದಿನಗಳು ಇಲ್ಲದಿದ್ದರೆ ಲೆಕ್ಕದಲ್ಲಿ ಅವರು ಇಷ್ಟು ಬಿಗಿಯಾಗಿರುತ್ತಿದ್ದರೋ ಎಂದು ನನಗೆ ಸಂಶಯ.

1834ನೇ ಜೂನ್ 9ರಲ್ಲಿ ಅವರು ತೀರಿಕೊಂಡರು. ಶ್ರೀರಾಮಪುರದ ಮಿಶನ್ ಆಸ್ತಿಯಲ್ಲಿ ತಮಗೆ ಯಾವ ಹಕ್ಕೂ ಇಲ್ಲವೆಂದು ಮರಣಶಾಸನದಲ್ಲಿ ಬರೆದಿದ್ದರು. ಒಬ್ಬ ಮಗನಿಗೆ ಸಲ್ಲಬೇಕಾದ 1500 ರೂಪಾಯಿಗಾಗಿ ತಮ್ಮ ಪುಸ್ತಕಗಳನ್ನು ಹರಾಜು ಹಾಕಬೇಕೆಂದು ಹೇಳಿದ್ದರು.