ಜೆರೆಮಿ ಬ್ರೆಟ್
ಜೆರೆಮಿ ಬ್ರೆಟ್ (ನವೆಂಬರ್ 3, 1933 – ಸೆಪ್ಟೆಂಬರ್ 12, 1995) ಇಂಗ್ಲೆಂಡಿನ ರಂಗಭೂಮಿ ಮತ್ತು ದೂರದರ್ಶನ ನಟರು. ಗ್ರನಾಡಾ ಟೆಲಿವಿಷನ್ 1984ರಿಂದ 1994ರವರೆಗೆ ನಿರ್ಮಿಸಿದ ಧಾರಾವಾಹಿಗಳಲ್ಲಿ ಷರ್ಲಾಕ್ ಹೋಮ್ಸ್ ಪಾತ್ರವನ್ನು ನಿರ್ವಹಿಸಿ ಪ್ರಸಿದ್ಧರಾದರು.

ಆರಂಭಿಕ ಜೀವನ
ಬ್ರೆಟ್ ಅವರ ಜನ್ಮನಾಮ ಪೀಟರ್ ಜೆರೆಮಿ ವಿಲಿಯಂ ಹಗಿನ್ಸ್. ವಾರಿಕ್‌ಶೈರ್‌ನ ಬರ್ಕ್ಸ್‌ವೆಲ್‌ನಲ್ಲಿ ಜನಿಸಿ, ಈಟನ್ ಶಾಲೆಯಲ್ಲಿ ಓದಿದರು. ಡಿಸ್ಲೆಕ್ಸಿಯಾದಿಂದಾಗಿ ಓದಿನಲ್ಲಿ ಹಿಂದುಳಿದರೂ ಶಾಲೆಯ ಗಾಯನವೃಂದದಲ್ಲಿ ಗುರುತಿಸಿಕೊಂಡರು. 'ರ'ಕಾರವನ್ನು ಸ್ಪಷ್ಟವಾಗಿ ಉಚ್ಚರಿಸಲಾಗದ ದೋಷವೂ ಅವರಿಗಿತ್ತು. ಹದಿಹರೆಯದಲ್ಲಿ ಶಸ್ತ್ರಚಿಕಿತ್ಸೆಯಿಂದ ಅದನ್ನು ಸರಿಪಡಿಸಲಾಯಿತು. ಮುಂದೆ ಅವರ ಖ್ಯಾತಿಗೆ ಕಾರಣವಾದ ಸ್ಫುಟವಾದ ಮಾತು ಜೀವನಪರ್ಯಂತ ನಡೆಸಿದ ಉಚ್ಚಾರಣಾಭ್ಯಾಸದ ಫಲ. ಸೇನಾಧಿಕಾರಿಯಾಗಿದ್ದ ತಂದೆ ಮಗನ ನಟನಾವೃತ್ತಿಯನ್ನು ಒಪ್ಪದ ಕಾರಣ ಮನೆತನದ ಹೆಸರನ್ನು ಬಿಟ್ಟು ಬ್ರೆಟ್ ಎಂಬ ಹೆಸರನ್ನು ಇಟ್ಟುಕೊಂಡರು.

ವೃತ್ತಿಜೀವನ
ಲಂಡನ್ನಿನ ಸೆಂಟ್ರಲ್ ಸ್ಕೂಲ್‌ನಲ್ಲಿ ತರಬೇತಿ ಪಡೆದು, 1954ರಲ್ಲಿ ಮ್ಯಾಂಚೆಸ್ಟರ್‌ನ ಲೈಬ್ರರಿ ಥಿಯೇಟರ್‌ನಲ್ಲಿ ವೃತ್ತಿರಂಗಭೂಮಿಯನ್ನು ಪ್ರವೇಶಿಸಿದರು. 1961ರಲ್ಲಿ ಹ್ಯಾಮ್ಲೆಟ್ ಆದರು. ಲಾರೆನ್ಸ್ ಒಲಿವಿಯರ್ ನೇತೃತ್ವದ ನ್ಯಾಷನಲ್ ಥಿಯೇಟರ್‌ನಲ್ಲಿ, ಪುರುಷರೇ ಎಲ್ಲ ಪಾತ್ರಗಳನ್ನೂ ವಹಿಸಿದ 1967ರ 'ಆಸ್ ಯು ಲೈಕ್ ಇಟ್' ನಾಟಕದಲ್ಲಿ ಒರ್ಲ್ಯಾಂಡೊ ಆಗಿ ಅಭಿನಯಿಸಿದರು.

'ಮೈ ಫೇರ್ ಲೇಡಿ' (1964) ಚಲನಚಿತ್ರದಲ್ಲಿ ಫ್ರೆಡ್ಡಿ ಪಾತ್ರ ಅವರದಾಗಿದ್ದರೂ ಹಾಡಿನ ಧ್ವನಿ ಬಿಲ್ ಶರ್ಲಿ ಅವರದು. ಹಾಡಬಲ್ಲ ನಟನಿಗೆ ಇದು ವಿಚಿತ್ರ ಸನ್ನಿವೇಶವೇ ಸರಿ. 1968ರಲ್ಲಿ ಬಿಬಿಸಿಯ 'ದ ಮೆರ್ರಿ ವಿಡೋ' ಪ್ರಸಾರದಲ್ಲಿ ಅವರು ಸ್ವಂತ ಕಂಠದಲ್ಲೇ ಹಾಡಿದರು. 1978ರಲ್ಲಿ ಅಮೆರಿಕದ ರಂಗಮಂದಿರಗಳಲ್ಲಿ ಡ್ರಾಕುಲಾ ಆಗಿ ಕಾಣಿಸಿಕೊಂಡರು. 1979ರ 'ರೆಬೆಕಾ' ಧಾರಾವಾಹಿಯಲ್ಲಿ ವಿಚ್ಛೇದಿತ ಪತ್ನಿ ಆ್ಯನಾ ಮ್ಯಾಸಿ ಅವರ ಜೊತೆ ನಟಿಸಿದರು. ಆ್ಯನಾ ಅವರ ತಂದೆ ರೇಮಂಡ್ ಮ್ಯಾಸಿ 1931ರ ಚಲನಚಿತ್ರವೊಂದರಲ್ಲಿ ಹೋಮ್ಸ್ ಆಗಿದ್ದರು. ಸ್ವತಃ ಬ್ರೆಟ್ ಮೊದಲು ವಹಿಸಿದ್ದು ವಾಟ್ಸನ್ ಪಾತ್ರವನ್ನು: ಲಾಸ್ ಏಂಜಲೀಸ್‌ನಲ್ಲಿ ನಡೆದ 'ದ ಕ್ರುಸಿಫರ್ ಆಫ್ ಬ್ಲಡ್' ನಾಟಕದಲ್ಲಿ ಚಾರ್ಲ್‌ಟನ್ ಹೆಸ್ಟನ್ ಹೋಮ್ಸ್ ಆಗಿದ್ದರು.

ಷರ್ಲಾಕ್ ಹೋಮ್ಸ್
ಧಾರಾವಾಹಿಯನ್ನು ಆರ್ಥರ್ ಕಾನನ್ ಡಾಯ್ಲ್ ಅವರ ಮೂಲ ಕಥೆಗಳಿಗೆ ನಿಷ್ಠವಾಗಿರಿಸುವುದು ನಿರ್ಮಾಪಕ ಮೈಕಲ್ ಕಾಕ್ಸ್ ಅವರ ಉದ್ದೇಶವಾಗಿತ್ತು. ಹೋಮ್ಸ್‌ನ ಅಭ್ಯಾಸ, ಹಾವಭಾವಗಳನ್ನು ಕಥೆಗಳಿಂದ ಹೆಕ್ಕಿ ಸಿದ್ಧಪಡಿಸಿದ ಕೈಪಿಡಿಯನ್ನು ಬ್ರೆಟ್ ಚಿತ್ರೀಕರಣದಲ್ಲಿ ಬಳಸುತ್ತಿದ್ದರು. ಚಿತ್ರಕಥೆ ಮೂಲದಿಂದ ದೂರ ಸರಿದರೆ ವಾದಕ್ಕಿಳಿಯುತ್ತಿದ್ದರು. ಮೂಲಕ್ಕೆ ಹೊರತಾದ ಒಂದು ಬದಲಾವಣೆಯನ್ನು ಮಾತ್ರ ಅವರೇ ಬಯಸಿದರು. ಹೋಮ್ಸ್ ತನ್ನ ಮಾದಕವಸ್ತುವಿನ ಸಿರಿಂಜನ್ನು ಮರಳಿನಲ್ಲಿ ಹೂಳುವ ದೃಶ್ಯವನ್ನು, ಲೇಖಕರ ಪುತ್ರಿಯ ಸಮ್ಮತಿ ಪಡೆದು, 'ದ ಡೆವಿಲ್ಸ್ ಫುಟ್' ಕಂತಿನಲ್ಲಿ ಸೇರಿಸಲಾಯಿತು. ಒಟ್ಟು 41 ಕಂತುಗಳು ತಯಾರಾದವು. ವಾಟ್ಸನ್ ಆಗಿ ಮೊದಲು ಡೇವಿಡ್ ಬರ್ಕ್, ಅನಂತರ ಎಡ್ವರ್ಡ್ ಹಾರ್ಡ್‌ವಿಕ್ ನಟಿಸಿದರು. 1988ರಲ್ಲಿ ಹಾರ್ಡ್‌ವಿಕ್ ಜೊತೆಗೆ ಇದೇ ಪಾತ್ರವನ್ನು ಲಂಡನ್ನಿನ ರಂಗಕ್ಕೂ ತಂದರು.

ಅನಾರೋಗ್ಯ ಮತ್ತು ನಿಧನ
1985ರಲ್ಲಿ ಎರಡನೆಯ ಪತ್ನಿ, ನಿರ್ಮಾಪಕಿ ಜೋನ್ ವಿಲ್ಸನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಶೋಕದ ನಡುವೆಯೇ ಚಿತ್ರೀಕರಣಕ್ಕೆ ಮರಳಿದ ಬ್ರೆಟ್ 1986ರಲ್ಲಿ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದರು. ಅವರಿಗೆ ಬೈಪೋಲಾರ್ ಕಾಯಿಲೆ ಇರುವುದು ಪತ್ತೆಯಾಯಿತು. ಚಿಕಿತ್ಸೆಗೆ ನೀಡಿದ ಲಿಥಿಯಂನಿಂದ ದೇಹದಲ್ಲಿ ನೀರು ತುಂಬಿ ತೂಕ ಹೆಚ್ಚಿತು. ಬಾಲ್ಯದ ಸಂಧಿವಾತ ಜ್ವರದಿಂದ ಅವರ ಹೃದಯ ಮೊದಲೇ ದುರ್ಬಲವಾಗಿತ್ತು. ಕೃಶಕಾಯದ ಚುರುಕಿನ ಹೋಮ್ಸ್ ಕೊನೆಯ ಕಂತುಗಳಲ್ಲಿ ಭಾರವಾದ ದೇಹ ಹೊತ್ತು ಏದುಸಿರು ಬಿಡುವುದನ್ನು ನೋಡುಗರು ಗಮನಿಸಬಹುದು. ಒಂದು ಕಂತಿನ ವೇಳೆಗೆ ಅಸ್ವಸ್ಥರಾದಾಗ ಅವರ ಭಾಗದ ಬಹುಪಾಲನ್ನು ಹೋಮ್ಸ್‌ನ ಅಣ್ಣ ಮೈಕ್ರಾಫ್ಟ್‌ಗೆ ವಹಿಸಿ ಕಥೆಯನ್ನು ತಿದ್ದಬೇಕಾಯಿತು. ಮಾನಸಿಕ ಕಾಯಿಲೆಯನ್ನು ಮುಚ್ಚಿಡುವುದೇ ರೂಢಿಯಾಗಿದ್ದ ಕಾಲದಲ್ಲಿ ಅವರು ತಮ್ಮ ಸ್ಥಿತಿಯನ್ನು ಬಹಿರಂಗವಾಗಿ ಹೇಳಿಕೊಂಡರು.

ಲಂಡನ್ನಿನ ಕ್ಲ್ಯಾಫಮ್‌ನಲ್ಲಿದ್ದ ಮನೆಯಲ್ಲಿ, 61ನೆಯ ವಯಸ್ಸಿನಲ್ಲಿ, ಹೃದಯ ವೈಫಲ್ಯದಿಂದ ನಿಧನ ಹೊಂದಿದರು. ಅವರು ಸಣ್ಣ ಪಾತ್ರ ವಹಿಸಿದ್ದ 'ಮಾಲ್ ಫ್ಲಾಂಡರ್ಸ್' ಚಲನಚಿತ್ರ 1996ರಲ್ಲಿ ತೆರೆಕಂಡಿತು.